ಮುದಿ ನಾಯಿ ರಾತ್ರಿ ಮನೆಯೊಳಗೇ ಉಚ್ಚೆ ಹೊಯ್ಯುತ್ತೆ, ನೀರಿನ ಬಟ್ಟಲು ಎತ್ತಿಡಬಹುದಾ?

ಪ್ರಶ್ನೆ: ಯಾರೋ ಬಿಟ್ಟುಹೋಗಿದ್ದ ಹೆಣ್ಣು ಲ್ಯಾಬ್ರಡಾರ್ ಒಂದನ್ನು ದತ್ತು ಹೋಗುವವರೆಗೆ ಅಂತ ಮನೆಯಲ್ಲಿ ಇಟ್ಟುಕೊಂಡಿದ್ದೇವೆ. ವಯಸ್ಸು 10ರ ಆಸುಪಾಸು ಅಂದರು ಡಾಕ್ಟರು. ಹಗಲೆಲ್ಲ ನೀರು ಕುಡೀತಾನೇ ಇರುತ್ತೆ, ರಾತ್ರಿ ಎರಡು ಮೂರು ಸಲ ಹಾಲ್‌ನಲ್ಲೇ ಉಚ್ಚೆ ಹೊಯ್ಯುತ್ತೆ. ಸಂಜೆ 6ರ ಮೇಲೆ ನೀರು ಇಡಬೇಡಿ, ಸರಿಹೋಗುತ್ತೆ ಅಂತ ಎಲ್ಲರೂ ಹೇಳ್ತಾರೆ. ಹಾಗೆ ಮಾಡಬಹುದಾ? (ಚಿಂತಾಮಣಿಯ ಓದುಗರು)

ಬೇಡ. ಸಂಜೆ 6ಕ್ಕೂ ಬೇಡ, ರಾತ್ರಿ 10ಕ್ಕೂ ಬೇಡ. ಸಿರಾದಿಂದ, ಮಾಲೂರಿನಿಂದ, ಗೌರಿಬಿದನೂರಿನಿಂದ, ಊರು ಬದಲಾದರೂ ಪ್ರಶ್ನೆ ಮಾತ್ರ ಇದೇ. ಹೇಳಿ ಹೇಳಿ ಸಾಕಾಗಿದೆ, ನಿಜ. ಆದರೂ ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ. ಒಳ್ಳೆಯ ಮನಸ್ಸಿನಿಂದ ಮುದಿ ನಾಯಿಯನ್ನು ಮನೆಗೆ ತಂದವರೇ ಗೊತ್ತಿಲ್ಲದೆ ಅದರ ಜೀವಕ್ಕೆ ಕುತ್ತು ತಂದುಕೊಳ್ಳುವುದು ಈ ಒಂದು ಸಲಹೆಯಿಂದ.

"ಜಾಸ್ತಿ ಕುಡಿಯುತ್ತೆ, ಅದಕ್ಕೇ ಜಾಸ್ತಿ ಹೊಯ್ಯುತ್ತೆ" ಅನ್ನುವುದು ಎಲ್ಲರ ತಲೆಯಲ್ಲಿ ಕೂತಿರುವ ಲೆಕ್ಕ. ವಯಸ್ಸಾದ ನಾಯಿಯಲ್ಲಿ ಬಹುಪಾಲು ಇದು ಉಲ್ಟಾ. ಜಾಸ್ತಿ ಹೊರಗೆ ಹೋಗುತ್ತೆ, ಅದಕ್ಕೇ ಜಾಸ್ತಿ ಕುಡಿಯುತ್ತೆ. ಆರೋಗ್ಯವಾಗಿರುವ ಮೂತ್ರಪಿಂಡ ನೀರನ್ನು ಮೈಗೆ ಉಳಿಸಿಕೊಂಡು, ಕಶ್ಮಲವನ್ನಷ್ಟೇ ಗಟ್ಟಿ ಮಾಡಿ ಹೊರಗೆ ಕಳಿಸುತ್ತೆ. ಕಾಯಿಲೆ ಬಿದ್ದ ಮೂತ್ರಪಿಂಡಕ್ಕೆ ಹಾಗೆ ಗಟ್ಟಿ ಮಾಡಲು ಆಗುವುದಿಲ್ಲ. ಅಷ್ಟೇ ಕಶ್ಮಲ ತಳ್ಳಲು ಎರಡು ಪಟ್ಟು, ಮೂರು ಪಟ್ಟು ನೀರು ಬೇಕು. ಸಕ್ಕರೆ ಕಾಯಿಲೆ ಇದ್ದರೆ ಮೂತ್ರಕ್ಕೆ ಇಳಿದ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತೆ. ಕುಶಿಂಗ್ಸ್ ಕಾಯಿಲೆಯಲ್ಲಿ ದೇಹದ ಸ್ಟೀರಾಯ್ಡ್ ಹೆಚ್ಚಾಗಿ, ನೀರು ಉಳಿಸು ಅಂತ ಮೆದುಳು ಕಳಿಸುವ ಸಂದೇಶವನ್ನು ಮೂತ್ರಪಿಂಡ ಕೇಳುವುದಿಲ್ಲ. ಗರ್ಭಕೋಶದಲ್ಲಿ ಕೀವು ತುಂಬಿದಾಗ ಬ್ಯಾಕ್ಟೀರಿಯಾದ ವಿಷವೂ ಇದೇ ಕೆಲಸ ಮಾಡುತ್ತೆ. ಈ ಎಲ್ಲದರಲ್ಲೂ ನೀರು ಹೊರಹೋಗುವುದು ಮೊದಲು, ಬಾಯಾರಿಕೆ ಆಮೇಲೆ. ಕೆರೆಯ ತೂಬು ಒಡೆದಿರುವಾಗ ನೀರು ಬರುವ ಕಾಲುವೆ ಮುಚ್ಚಿದರೆ ತೂಬು ರಿಪೇರಿ ಆಗುವುದಿಲ್ಲ, ಕೆರೆ ಬತ್ತುತ್ತೆ, ಅಷ್ಟೇ.

ಮೈ ಒಣಗಿದರೆ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗುತ್ತೆ. ಉಳಿದಿದ್ದ ಅಷ್ಟಿಷ್ಟು ಕೆಲಸವೂ ಕುಸಿಯುತ್ತೆ, ರಕ್ತದಲ್ಲಿ ಯೂರಿಯಾ ಅನ್ನುವ ಕಶ್ಮಲ ಏರುತ್ತೆ. ನಾಯಿ ತಿನ್ನುವುದು ಬಿಡುತ್ತೆ, ಬಾಯಿ ವಾಸನೆ ಬರುತ್ತೆ, ವಾಂತಿ ಶುರುವಾಗುತ್ತೆ. ವಾಂತಿಯಾದರೆ ಇನ್ನಷ್ಟು ನೀರು ಹೋಯಿತು. ಎಷ್ಟೋ ತಿಂಗಳು ಹಾಗೂ ಹೀಗೂ ನಡೆದುಕೊಂಡು ಹೋಗುತ್ತಿದ್ದ ಮೂತ್ರಪಿಂಡ ಒಂದೆರಡು ದಿನದಲ್ಲಿ ಡ್ರಿಪ್ ಹಾಕಿಸುವ ಸ್ಥಿತಿಗೆ ಬರುವುದು ಹೀಗೆ.

ಹಾಗಿದ್ದರೆ ಇಷ್ಟು ಜನ ಯಾಕೆ ಹೇಳುತ್ತಾರೆ? ಮೊದಲ ರಾತ್ರಿ ಇದು ಕೆಲಸ ಮಾಡಿದ ಹಾಗೆ ಕಾಣುತ್ತೆ, ಅದಕ್ಕೆ. ಬಟ್ಟಲು ಎತ್ತಿಟ್ಟ ರಾತ್ರಿ ಮೂರು ಸಲದ ಬದಲು ಒಂದೇ ಸಲ ಹೊಯ್ಯುತ್ತೆ. "ನೋಡಿ, ಕಡಿಮೆ ಆಯ್ತು!" ಕಡಿಮೆಯಾದದ್ದು ಕಾಯಿಲೆಯಲ್ಲ, ಮೈಯಲ್ಲಿದ್ದ ನೀರು. ಬೆಳಿಗ್ಗೆ ಮೇಲ್ತುಟಿ ಎತ್ತಿ ವಸಡಿಗೆ ಬೆರಳು ತಾಗಿಸಿ. ನುಣ್ಣಗೆ ಒದ್ದೆಯಾಗಿರಬೇಕಾದ ವಸಡು ಅಂಟಂಟಾಗಿದ್ದರೆ ನಾಯಿ ಒಣಗಿದೆ ಅಂತಲೇ ಅರ್ಥ. ಕತ್ತಿನ ಚರ್ಮ ಎಳೆದು ನೋಡುವ ವಿಧಾನವನ್ನು ಮುದಿ ನಾಯಿಯಲ್ಲಿ ನಂಬಬೇಡಿ. ವಯಸ್ಸಿಗೆ ಚರ್ಮ ಸಡಿಲವಾಗಿ, ಏನೂ ಆಗದಿದ್ದರೂ ನಿಧಾನವಾಗಿಯೇ ವಾಪಸು ಬೀಳುತ್ತೆ.

ಮಕ್ಕಳು ಹಾಸಿಗೆ ಒದ್ದೆ ಮಾಡದಿರಲಿ ಅಂತ ಮಲಗುವ ಮುಂಚೆ ನೀರು ಕಡಿಮೆ ಕೊಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಅದನ್ನೇ ನಾಯಿಗೂ ಹಾಕುತ್ತಾರೆ. ಆ ಮಗುವಿನ ಮೂತ್ರಪಿಂಡ ಚೆನ್ನಾಗಿರುತ್ತೆ, ರಾತ್ರಿಯ ಮೂತ್ರವನ್ನು ಗಟ್ಟಿ ಮಾಡಿ ಬೆಳಗಿನವರೆಗೆ ಹಿಡಿದಿಡುತ್ತೆ. ನಿಮ್ಮ ನಾಯಿಗೆ ಇಲ್ಲದೇ ಇರುವುದು ಆ ಶಕ್ತಿಯೇ. ಅಭ್ಯಾಸಕ್ಕೋ ಬೇಜಾರಿಗೋ ಸುಮ್ಮನೆ ಕುಡಿಯುವ ನಾಯಿಗಳೂ ಇವೆ, ಅಪರೂಪಕ್ಕೆ. ಮಿಕ್ಕ ಕಾಯಿಲೆಗಳೆಲ್ಲ ಇಲ್ಲ ಅಂತ ಖಾತ್ರಿಯಾದ ಮೇಲೆ ಡಾಕ್ಟರು ಹೇಳಬೇಕಾದ ಮಾತು ಅದು, ಪಕ್ಕದ ಮನೆಯವರಲ್ಲ.

ಈಗ ನೀವು ಮಾಡಬೇಕಾದ ಕೆಲಸ. "ತುಂಬಾ ಕುಡಿಯುತ್ತೆ" ಅಂದರೆ ಡಾಕ್ಟರಿಗೆ ಏನೂ ಹೇಳಿದ ಹಾಗಾಗಲಿಲ್ಲ, ಅಳತೆ ಬೇಕು. ನಾಯಿಯ ತೂಕ ಮೊದಲು ಗೊತ್ತಿರಲಿ. ನಾಯಿ ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಎತ್ತಲಾಗದಿದ್ದರೆ ಆಸ್ಪತ್ರೆಯಲ್ಲಿ ನೋಡಿಸಿ. ಬೆಳಿಗ್ಗೆ 7ಕ್ಕೆ ಒಂದು ಲೀಟರಿನ ಬಾಟಲಿಯಲ್ಲಿ ಅಳೆದು 3 ಲೀಟರ್ ನೀರು ಎತ್ತಿಡಿ. ದಿನವಿಡೀ ಬಟ್ಟಲಿಗೆ ಅದರಿಂದಲೇ ತುಂಬಿಸಿ, ಸಾಲದಿದ್ದರೆ ಅಳೆದೇ ಸೇರಿಸಿ. ಮರುದಿನ 7ಕ್ಕೆ ಉಳಿದದ್ದನ್ನು ಅಳೆದು ಕಳೆಯಿರಿ. ಬಚ್ಚಲ ಬಕೆಟ್, ಹೂಕುಂಡದ ತಟ್ಟೆ, ಹಿತ್ತಲ ತೊಟ್ಟಿ, ಎಲ್ಲ ಮುಚ್ಚಿರಲಿ, ಇಲ್ಲದಿದ್ದರೆ ಲೆಕ್ಕ ಸುಳ್ಳಾಗುತ್ತೆ. ಊಟಕ್ಕೆ ಕಲಸಿದ ನೀರನ್ನೂ ಬರೆದುಕೊಳ್ಳಿ. ಮೂರು ದಿನ ಹೀಗೆ ಮಾಡಿ.

ಸಾಮಾನ್ಯವಾಗಿ ನಾಯಿಗೆ ಕಿಲೋ ತೂಕಕ್ಕೆ ದಿನಕ್ಕೆ 50ರಿಂದ 60 ಮಿಲಿ ಸಾಕು. ಬೇಸಿಗೆಯಲ್ಲಿ ಸ್ವಲ್ಪ ಹೆಚ್ಚು. 100 ಮಿಲಿ ದಾಟಿದರೆ ಕಾಯಿಲೆ ಹುಡುಕಲೇಬೇಕು. ನಿಮ್ಮದು 25 ಕಿಲೋ ಅಂದುಕೊಂಡರೆ ಒಂದೂವರೆ ಲೀಟರ್ ಸರಿ, ಎರಡೂವರೆ ದಾಟಿದರೆ ತಡಮಾಡಬೇಡಿ. ಅಂದಹಾಗೆ, ಬಟ್ಟಲಿಗೆ ಹಾಕುವುದು ನೀವು ಕುಡಿಯುವ ಕ್ಯಾನ್ ನೀರೇ ಆಗಿರಲಿ. ನಮ್ಮ ಕಡೆ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ ಅಂತಲೇ ನಾವು ಘಟಕದ ನೀರು ತರುವುದು. ನಮಗೆ ಬೇಡವಾದದ್ದು ಕಾಯಿಲೆಯ ನಾಯಿಗೆ ಯಾಕೆ?

ಉಚ್ಚೆ ಎಲ್ಲಿ, ಹೇಗೆ ಆಗುತ್ತೆ ಅಂತಲೂ ನೋಡಿ, ಅರ್ಧ ಉತ್ತರ ಅಲ್ಲೇ ಇರುತ್ತೆ. ಬಾಗಿಲ ಹತ್ತಿರ ದೊಡ್ಡ ಮಡು ಇದ್ದರೆ, ಹೊರಗೆ ಹೋಗಲು ಬಂದು ತಡೆಯಲಾಗದೆ ಹೊಯ್ದಿದೆ. ಮಲಗಿದ್ದ ಜಾಗವೇ ಒದ್ದೆಯಾಗಿ, ನಾಯಿಗೆ ಅದು ಗೊತ್ತೇ ಇಲ್ಲದ ಹಾಗಿದ್ದರೆ ನಿದ್ದೆಯಲ್ಲಿ ಸೋರುತ್ತಿದೆ. ಸಂತಾನಹರಣ ಆಪರೇಷನ್ ಆದ ಹೆಣ್ಣುನಾಯಿಗಳಲ್ಲಿ ಇದು ಇದ್ದದ್ದೇ, ಮಾತ್ರೆಯಿಂದ ಹತೋಟಿಗೆ ಬರುತ್ತೆ. ಗಳಿಗೆಗೊಮ್ಮೆ ಕೂತು ನಾಲ್ಕು ಹನಿ ಬಿಟ್ಟರೆ ಮೂತ್ರಕೋಶದ ಸೋಂಕು ಅಥವಾ ಕಲ್ಲು. ಎಷ್ಟು ತಿಣುಕಿದರೂ ಹನಿಯೂ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಹೊರಡಿ. ಎದ್ದು ನಿಂತು, ಎರಡು ಹೆಜ್ಜೆ ಇಟ್ಟು ಅಲ್ಲೇ ಬಿಟ್ಟರೆ ಕೀಲುನೋವೂ ಇರಬಹುದು: ಬಾಗಿಲವರೆಗೆ ಬೇಗ ತಲುಪಲು ಆಗುತ್ತಿಲ್ಲ.

ಮೂತ್ರ ಪರೀಕ್ಷೆಗೆ ಬೆಳಗಿನ ಮೊದಲನೆಯದೇ ಬೇಕು. ಚೆನ್ನಾಗಿ ತೊಳೆದು, ಬಿಸಿನೀರಲ್ಲಿ ಜಾಲಿಸಿ, ಒಣಗಿಸಿದ ಚಪ್ಪಟೆ ತಟ್ಟೆಯೊಂದನ್ನು ಕೈಯಲ್ಲಿ ಹಿಡಿದು ನಾಯಿಯ ಹಿಂದೆ ಹೋಗಿ. ಅದು ಕೂತ ಮೇಲೆ, ಮೊದಲ ಧಾರೆ ಬಿಟ್ಟು, ಹಿಂದಿನಿಂದ ಮೆಲ್ಲಗೆ ತೂರಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಮೂತ್ರದ ಡಬ್ಬಿಗೆ ಸುರಿದುಕೊಂಡು ಒಂದೆರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್‌ನಲ್ಲಿಡಿ. ಮೂತ್ರದ ಸಾಂದ್ರತೆಯನ್ನು, ಅಂದರೆ ಅದು ಎಷ್ಟು ಗಟ್ಟಿ ಅನ್ನುವುದನ್ನು, ರಿಫ್ರಾಕ್ಟೋಮೀಟರ್ ಅನ್ನುವ ಉಪಕರಣದಲ್ಲೇ ನೋಡಬೇಕು. ಮನುಷ್ಯರ ಲ್ಯಾಬಿನಲ್ಲಿ ಪಟ್ಟಿ ಅದ್ದಿ ಕೊಡುವ ಸಾಂದ್ರತೆಯ ಅಂಕಿ ನಾಯಿಗೆ ನಂಬಲರ್ಹವಲ್ಲ. ಸಾಂದ್ರತೆ 1.030 ದಾಟಿದ್ದರೆ ಮೂತ್ರಪಿಂಡ ನೀರು ಉಳಿಸುತ್ತಿದೆ. ಸಲ ಸಲಕ್ಕೂ 1.008ರಿಂದ 1.012ರ ನಡುವೆ ನಿಂತಿದ್ದರೆ ಗಟ್ಟಿ ಮಾಡುವ ಶಕ್ತಿ ಹೋಗಿದೆ.

"ಕ್ರಿಯಾಟಿನಿನ್ ನಾರ್ಮಲ್ ಬಂತು, ಕಿಡ್ನಿ ಚೆನ್ನಾಗಿದೆಯಂತೆ" ಅಂತ ಸಮಾಧಾನ ಪಡಬೇಡಿ. ಕ್ರಿಯಾಟಿನಿನ್ ಅಂದರೆ ಮಾಂಸಖಂಡದಿಂದ ಬರುವ, ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲ; ರಕ್ತ ಪರೀಕ್ಷೆಯಲ್ಲಿ ಅಳೆಯುತ್ತಾರೆ. ಮೂತ್ರಪಿಂಡದ ಮೂರರಲ್ಲಿ ಎರಡು ಪಾಲು ಹಾಳಾದಾಗಲೇ ಮೂತ್ರ ತೆಳುವಾಗುತ್ತೆ, ಕ್ರಿಯಾಟಿನಿನ್ ಏರುವುದು ಸುಮಾರು ಮುಕ್ಕಾಲು ಪಾಲು ಹೋದ ಮೇಲೆ. ಅದರ ಮೇಲೆ, ಬೀದಿಯಲ್ಲಿ ಸೊರಗಿ ಮಾಂಸಖಂಡ ಕರಗಿದ ನಾಯಿಯಲ್ಲಿ ಆ ಅಂಕಿ ಇನ್ನೂ ಕಡಿಮೆ ತೋರಿಸುತ್ತೆ. ಹಾಗಾಗಿ ರಕ್ತ, ಮೂತ್ರ ಎರಡನ್ನೂ ಒಟ್ಟಿಗೆ ಮಾಡಿಸಿ. ಸಕ್ಕರೆ, ಕ್ಯಾಲ್ಸಿಯಂ, ಪ್ಲೇಟ್ಲೆಟ್ ಕೂಡ ನೋಡಿಸಿ. ಉಣ್ಣೆ ಹುಳ ಕಚ್ಚಿ ಬರುವ ಉಣ್ಣೆಜ್ವರ ಒಳಗೊಳಗೇ ಇದ್ದು ಮೂತ್ರಪಿಂಡ ಕೆಡಿಸುವುದು ಬೀದಿಯಿಂದ ಬಂದ ನಾಯಿಗಳಲ್ಲಿ ಹೊಸದೇನಲ್ಲ.

ನೀವು ಬರೆಯದೇ ಬಿಟ್ಟ ಮುಖ್ಯ ವಿಷಯ ಒಂದಿದೆ: ಇದಕ್ಕೆ ಸಂತಾನಹರಣ ಆಪರೇಷನ್ ಆಗಿದೆಯಾ? ಆಗದ ಹೆಣ್ಣುನಾಯಿ ಬೆದೆಗೆ ಬಂದುಹೋದ ಮುಂದಿನ ಎರಡು ತಿಂಗಳಲ್ಲಿ ಹೀಗೆ ನೀರಿಗೆ ಬಿದ್ದರೆ ಮೊದಲು ಹುಡುಕಬೇಕಾದದ್ದು ಗರ್ಭಕೋಶದ ಕೀವು. ಕೀವು ಹೊರಗೆ ಕಾಣಲೇಬೇಕು ಅಂತಿಲ್ಲ. ಬಾಯಿ ಮುಚ್ಚಿಕೊಂಡ ಗರ್ಭಕೋಶದಲ್ಲಿ ಒಳಗೇ ತುಂಬುತ್ತೆ, ಅದೇ ಹೆಚ್ಚು ಅಪಾಯ. ಊಟ ಬಿಟ್ಟಿದೆ, ವಾಂತಿ ಇದೆ, ಹೊಟ್ಟೆ ಉಬ್ಬಿದೆ ಅಂದರೆ ಅವತ್ತೇ ಸ್ಕ್ಯಾನ್ ಆಗಬೇಕು. ನಿಮ್ಮೂರಿನ ದನದ ಆಸ್ಪತ್ರೆಯಲ್ಲಿ ಆ ಅನುಕೂಲ ಇಲ್ಲದಿದ್ದರೆ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಸ್ಕ್ಯಾನ್‌ಗೆ ಖಾಲಿ ಹೊಟ್ಟೆ ಅಂದರೆ ಊಟ ಬೇಡ ಅಂತ. ನೀರು ನಿಲ್ಲಿಸಿ ಕರೆದುಕೊಂಡು ಹೋಗುವವರೂ ಇದ್ದಾರೆ, ದಯವಿಟ್ಟು ಬೇಡ.

ತಂದುಕೊಟ್ಟವರನ್ನು ಇನ್ನೊಂದು ಕೇಳಿ: ತುರಿಕೆಗೆ ಅಂತ ಇಂಜೆಕ್ಷನ್, ಮಾತ್ರೆ ಏನಾದರೂ ಹಾಕಿಸಿದ್ದರಾ? ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಬಿದ್ದರೆ ಯಾವ ನಾಯಿಯೂ ಕೊಡಗಟ್ಟಲೆ ಕುಡಿಯುತ್ತೆ. ಹೃದಯದ ಕಾಯಿಲೆ ಇರುವ ನಾಯಿಗೆ ಕೊಡುವ ನೀರಿಳಿಸುವ ಮಾತ್ರೆಯೂ ಹಾಗೇ. ಗೊತ್ತಾಯಿತು ಅಂತ ಸ್ಟೀರಾಯ್ಡನ್ನು ನೀವೇ ಒಮ್ಮೆಲೇ ನಿಲ್ಲಿಸಬೇಡಿ, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಕುಂಟುತ್ತೆ ಅಂತ ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಅರ್ಧ ಮಾಡಿ ಕೊಡುವುದಂತೂ ಬೇಡವೇ ಬೇಡ. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ನೇರ ಪೆಟ್ಟು.

ರಿಪೋರ್ಟು ಬರುವವರೆಗೆ ರಾತ್ರಿ ಹೇಗೆ ಕಳೆಯುವುದು? ಊಟ 7ಕ್ಕೆ ಮುಗಿಸಿ. 10.30ಕ್ಕೆ ಒಮ್ಮೆ, 2.30ರ ಹೊತ್ತಿಗೆ ಒಮ್ಮೆ, 5.30ಕ್ಕೆ ಒಮ್ಮೆ ಹೊರಗೆ ಬಿಡಿ. ಅಲಾರಂ ಇಟ್ಟುಕೊಂಡು ನೀವೇ ಮೊದಲು ಎದ್ದರೆ ಒರೆಸುವ ಕೆಲಸ ಎಷ್ಟೋ ಉಳಿಯುತ್ತೆ. ಹಾಸಿಗೆ ಬಾಗಿಲ ಹತ್ತಿರ ಇರಲಿ. ರೆಡ್ ಆಕ್ಸೈಡ್ ನೆಲವಾಗಲಿ ಟೈಲ್ಸ್ ಆಗಲಿ, ಮುದಿ ನಾಯಿಯ ಹಿಂಗಾಲು ಜಾರುತ್ತೆ. ಒಂದು ಸಲ ಜಾರಿ ಬಿದ್ದರೆ ಆಮೇಲೆ ಏಳಲಿಕ್ಕೇ ಹೆದರಿ ಮಲಗಿದಲ್ಲೇ ಹೊಯ್ಯುತ್ತೆ. ಹಾಸಿಗೆಯಿಂದ ಬಾಗಿಲವರೆಗೆ ಗೋಣಿಚೀಲ ಹಾಸಿ, ಒಂದು ಸಣ್ಣ ಬಲ್ಬ್ ಉರಿಯಲಿ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಶೀಟು, ಅದರ ಮೇಲೆ ರೋಗಿಗಳಿಗೆ ಹಾಸುವ ಅಂಡರ್‌ಪ್ಯಾಡು, ಅದರ ಮೇಲೆ ಹಳೆ ಸೀರೆ. ಒದ್ದೆಯಾದ ಕೂಡಲೇ ಸೀರೆ ಬದಲಿಸಿ, ತೊಡೆಸಂದಿ ಉಗುರುಬೆಚ್ಚಗಿನ ನೀರಲ್ಲಿ ಒರೆಸಿ ಒಣಗಿಸಿ. ಮೂತ್ರ ನಿಂತರೆ ಚರ್ಮ ಬೇಯುತ್ತೆ, ಬೇಸಿಗೆಯಲ್ಲಿ ನೊಣ ಕೂತು ಹುಳ ಬೀಳುತ್ತೆ. ಬಯ್ಯಬೇಡಿ. ಬೈದರೆ ಮಂಚದ ಕೆಳಗೆ ಹೋಗಿ ಹೊಯ್ಯುತ್ತೆ, ನಿಮಗೆ ಅಳತೆಯೂ ತಪ್ಪುತ್ತೆ.

ಊಟದ್ದು ಒಂದೇ ಮಾತು. ಮೂತ್ರಪಿಂಡದ ಕಾಯಿಲೆ ಅಂತ ತೀರ್ಮಾನವಾದರೆ ರಂಜಕ (ಫಾಸ್ಫರಸ್) ಕಡಿಮೆ ಇರುವ ಊಟ ಬೇಕು: ಮೂಳೆ ಬಂದ್, ಮುದ್ದೆಯ ಬದಲು ಅನ್ನ, ಮೊಟ್ಟೆಯಾದರೆ ಬಿಳಿಭಾಗ. ಪಾಲಿಶ್ ಅಕ್ಕಿಗಿಂತ ರಾಗಿಯಲ್ಲಿ ರಂಜಕ ಹೆಚ್ಚು. ಉಪ್ಸಾರು, ಈರುಳ್ಳಿ ಬೆಳ್ಳುಳ್ಳಿ ಬಿದ್ದ ಯಾವ ಸಾರೂ ಬೇಡ. ಆದರೆ ಊಟ ಪೂರ್ತಿ ಬಿಟ್ಟ ನಾಯಿಗೆ ಪಥ್ಯಕ್ಕಿಂತ ಏನಾದರೂ ತಿನ್ನುವುದು ಮುಖ್ಯ.

ನೀವು ಕೇಳಿಲ್ಲ, ಆದರೂ ಮುಂದಿನ ತಿಂಗಳು ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಇಂಥ ನಾಯಿಗೆ ಮನೆ ಹುಡುಕುವಾಗ ಎಲ್ಲರ ಬಾಯಲ್ಲೂ ಬರುವುದು "ಯಾರದಾದರೂ ತೋಟಕ್ಕೆ ಕೊಟ್ಟುಬಿಡಿ, ಆರಾಮಾಗಿರುತ್ತೆ." ತೋಟದಲ್ಲಿ ಉಚ್ಚೆಯ ಸಮಸ್ಯೆ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ನೀರು ಎಷ್ಟು ಕುಡಿಯಿತು, ಊಟ ಬಿಟ್ಟಿತಾ, ಅದೂ ಕಣ್ಣಿಗೆ ಬೀಳುವುದಿಲ್ಲ. ದಿನಕ್ಕೆ ಎರಡು ಹೊತ್ತು ಮಾತ್ರೆ ಕೊಡಬೇಕಾದ ನಾಯಿಯನ್ನು ಪಂಪ್‌ಸೆಟ್ ಮನೆಗೆ ಕಟ್ಟಿ ಸಂಜೆ ಊರಿಗೆ ಬರುವವರ ಕೈಗೆ ಕೊಡಬೇಡಿ. ತುಮಕೂರು ಕಡೆಯ ತೋಟ, ಗುಡ್ಡದ ಸೆರಗಾದರೆ ಚಿರತೆ ಭಯವೂ ಇದೆ. ಚಿರತೆಗೆ ನಾಯಿಯೆಂದರೆ ಸುಲಭದ ಊಟ, ಕಟ್ಟಿದ ಮುದಿ ನಾಯಿಯಂತೂ ಕೇಳುವುದೇ ಬೇಡ. ಬೆಂಗಳೂರಿನ ಆರನೇ ಮಹಡಿಯ ಫ್ಲ್ಯಾಟ್ ಕೂಡ ಕಷ್ಟ, ಲಿಫ್ಟ್ ಬರುವಷ್ಟರಲ್ಲಿ ಹೊಯ್ದಿರುತ್ತೆ. ನೆಲಮಹಡಿ, ಕಾಂಪೌಂಡು, ಹಗಲಲ್ಲಿ ಯಾರಾದರೂ ಒಬ್ಬರು ಇರುವ ಮನೆ ನೋಡಿ. ಕೆಲಸದಿಂದ ನಿವೃತ್ತರಾದ ದಂಪತಿ ಇರುವ ಮನೆ ಹೊಂದುತ್ತೆ, 25 ಕಿಲೋ ನಾಯಿಯನ್ನು ಆಟೋಗೆ ಹತ್ತಿಸುವ ಶಕ್ತಿ ಇದ್ದರೆ.

ಉಚ್ಚೆಯ ವಿಷಯ ಮುಚ್ಚಿಟ್ಟು ಕೊಡಬೇಡಿ. ಮುಚ್ಚಿಟ್ಟು ಕೊಟ್ಟ ನಾಯಿ ವಾಪಸು ಬರುತ್ತೆ, ಇಲ್ಲವೇ ಅಲ್ಲಿಯೂ ಯಾರೋ ಬಟ್ಟಲು ಎತ್ತಿಡುತ್ತಾರೆ. ತೆಗೆದುಕೊಳ್ಳುವವರು ಒಂದು ರಾತ್ರಿಯ ಹೊತ್ತು ಬಂದು ನೋಡಲಿ. ರಿಪೋರ್ಟುಗಳ ಫೈಲು, ಮಾತ್ರೆಯ ಹೆಸರು, ಹೊತ್ತು, ತಿಂಗಳ ಔಷಧಿಯ ಬಿಲ್ಲು, ದಿನವಾರು ನೀರಿನ ಲೆಕ್ಕದ ಪುಸ್ತಕ, ಒಂದು ವಾರಕ್ಕಾಗುವಷ್ಟು ಈಗ ತಿನ್ನುತ್ತಿರುವ ಊಟ, ಇಷ್ಟೂ ನಾಯಿಯ ಜೊತೆ ಹೋಗಬೇಕು. ಆಗದಿದ್ದರೆ ನಿಮಗೇ ವಾಪಸು ಕೊಡಬೇಕು, ಬೇರೆಯವರಿಗೆ ದಾಟಿಸುವಂತಿಲ್ಲ ಅಂತ ಬರೆಸಿಕೊಂಡು ಸಹಿ ಹಾಕಿಸಿ. ಹೊಸ ಮನೆಯಲ್ಲಿ ಮೊದಲ 10 ದಿನ ಆ ಪುಸ್ತಕದಲ್ಲಿ ಅವರೇ ಬರೆದು, ದಿನಾ ಸಂಜೆ ನಿಮಗೆ ಫೋಟೋ ಕಳಿಸಲಿ.