ಒಣಹುಲ್ಲಿನ ಯಂತ್ರ ಆರಿಸುವ ಮೊದಲು: ಶೇ 80 ಮತ್ತು ಶೇ 15ರ ಲೆಕ್ಕ

ಮೂರು ಹಸು, ಒಂದು ಎಕರೆ ಗಿನಿ ಹುಲ್ಲು. ಇಷ್ಟಕ್ಕೆ ಯಾವ ಯಂತ್ರ ಬೇಕು ಅಂತ ಈ ವಾರ ಕೂತು ಓದಿದೆ. ಯಂತ್ರದ ವಿಷಯಕ್ಕೆ ಬರುವ ಮೊದಲೇ ತೇವಾಂಶದ ಲೆಕ್ಕದಲ್ಲಿ ಎರಡು ದಿನ ಸಿಕ್ಕಿಕೊಂಡೆ. ಮರೆಯುವ ಮೊದಲು ಅದನ್ನೇ ಬರೆದಿಡುತ್ತೇನೆ.

ಬೇಸಿಗೆಯ 90 ದಿನ, ಒಂದು ಹಸುವಿಗೆ ದಿನಕ್ಕೆ 5 ಕೆಜಿ ಒಣಹುಲ್ಲು ಅಂತ ಇಟ್ಟುಕೊಳ್ಳಿ. ಒಟ್ಟು 1,350 ಕೆಜಿ. ಇದಕ್ಕೆ ಎಷ್ಟು ಹಸಿ ಹುಲ್ಲು ಕೊಯ್ಯಬೇಕು? ಹಸಿ ಹುಲ್ಲಿನಲ್ಲಿ ನೀರು ಸುಮಾರು ಶೇ 80. ಕಟ್ಟಿಡುವ ಹೊತ್ತಿಗೆ ಅದು ಶೇ 15ಕ್ಕೆ ಇಳಿದಿರಬೇಕು. ನಾನು 80ರಲ್ಲಿ 15 ಕಳೆದೆ, 65 ಕೆಜಿ ನೀರು ಹೋಯಿತು, 100 ಕೆಜಿಗೆ 35 ಕೆಜಿ ಉಳಿಯುತ್ತದೆ ಅಂದುಕೊಂಡೆ. ಇದೇ ತಪ್ಪು. ಆ 80 ಹಸಿ ತೂಕದ ಪಾಲು, ಈ 15 ಒಣಗಿದ ಮೇಲಿನ ತೂಕದ ಪಾಲು. ಒಂದರಿಂದ ಇನ್ನೊಂದನ್ನು ಕಳೆಯಲು ಬರುವುದಿಲ್ಲ.

ನೀರು ಬಿಟ್ಟು ಉಳಿಯುವ ಒಣ ಅಂಶವನ್ನು ಹಿಡಿದುಕೊಳ್ಳಿ, ಅದು ಬದಲಾಗುವುದಿಲ್ಲ. 100 ಕೆಜಿ ಹಸಿಯಲ್ಲಿ ಅದು 20 ಕೆಜಿ. ಒಣಗಿದ ಮೇಲೂ ಅದೇ 20, ಆದರೆ ಈಗ ಅದು ಒಟ್ಟು ತೂಕದ ಶೇ 85. ಅಂದರೆ 20 ÷ 0.85, ಸುಮಾರು 23.5 ಕೆಜಿ. ಹಾಗಾಗಿ 1,350 ಕೆಜಿಗೆ ಬೇಕಾಗುವುದು 5.7 ಟನ್ ಹಸಿ ಹುಲ್ಲು. ನನ್ನ ಮೊದಲ ಲೆಕ್ಕ ನಂಬಿ 3.9 ಟನ್‌ಗೆ ನಿಲ್ಲಿಸಿದರೆ ಹತ್ತಿರ ಹತ್ತಿರ 30 ದಿನದ ಮೇವು ಕಡಿಮೆ ಬೀಳುತ್ತದೆ, ಅದೂ ಬೇಸಿಗೆಯ ಕೊನೆಯಲ್ಲಿ!

ಈಗ ಯಂತ್ರ. ಹೆಗಲಿಗೆ ಹಾಕಿಕೊಂಡು ಹುಲ್ಲು ಕೊಯ್ಯುವ ಬ್ರಷ್ ಕಟರ್ ಬದುವಿಗೂ ಇಳಿಜಾರಿಗೂ ಆಗುತ್ತದೆ, ಆದರೆ ಹುಲ್ಲು ಚೆಲ್ಲಾಪಿಲ್ಲಿ ಬೀಳುತ್ತದೆ. ಕಟರ್ ಬಾರ್, ಅಂದರೆ ಕತ್ತರಿಯಂತೆ ಕೊಯ್ಯುವ ಉದ್ದನೆಯ ಹಲ್ಲುಪಟ್ಟಿ, ಇರುವ ಯಂತ್ರ ಸಾಲಾಗಿ ಮಲಗಿಸುತ್ತದೆ. ಒಂದು ಎಕರೆಗೆ ನಾನು ಬ್ರಷ್ ಕಟರನ್ನೇ ಆರಿಸುತ್ತೇನೆ. ಒಂದು ದಿನದಲ್ಲಿ ತಿರುವಿ ಹಾಕಲು ಆಗುವಷ್ಟನ್ನೇ ಕೊಯ್ದರೆ ಸಾಕು, ತಿರುವಲು ಕವೆಗೋಲು ಸಾಲುತ್ತದೆ. ಅಲಸಂದೆ, ಕುದುರೆಮೆಂತ್ಯ ಇದ್ದರೆ ಬೆಳಿಗ್ಗೆ ಇಬ್ಬನಿ ಇರುವಾಗಲೇ ತಿರುವಿ, ಮಧ್ಯಾಹ್ನ ಮುಟ್ಟಿದರೆ ಎಲೆಯೆಲ್ಲ ಉದುರುತ್ತದೆ.

ಒಣಹುಲ್ಲನ್ನು ಒತ್ತಿ ಉಂಡೆ ಕಟ್ಟುವ ಬೇಲರ್ ಯಂತ್ರ ಕೊಳ್ಳಬೇಡಿ. 18 ಕೆಜಿಯ ಉಂಡೆ ಅಂದರೆ ವರ್ಷಕ್ಕೆ ಬರೀ 75 ಉಂಡೆ, ಬೇಲರ್ ಎಳೆಯಲು ಟ್ರ್ಯಾಕ್ಟರ್ ಬೇರೆ ಬೇಕು. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯಾ ಅಂತ ಭತ್ತದ ಕೊಯ್ಲಿಗೆ ಮೊದಲೇ ವಿಚಾರಿಸಿ, ಆಮೇಲೆ ಎಲ್ಲರಿಗೂ ಅದೇ ಬೇಕಲ್ವಾ? ಸಿಗದಿದ್ದರೆ ಮರದ ಪೆಟ್ಟಿಗೆಯಲ್ಲಿ ಎರಡು ಹುರಿ ಹಾಸಿ, ಹುಲ್ಲು ತುಂಬಿ ತುಳಿದು ಕಟ್ಟಬಹುದು.

ಕಟ್ಟುವ ಮೊದಲು ಒಂದು ಪರೀಕ್ಷೆ. ಒಣಗಿದ ಗಾಜಿನ ಬಾಟಲಿಗೆ ಕತ್ತರಿಸಿದ ಹುಲ್ಲು ಹಾಕಿ, ಒಂದು ಚಮಚ ಒಣ ಉಪ್ಪು ಸೇರಿಸಿ ಎರಡು ನಿಮಿಷ ಅಲ್ಲಾಡಿಸಿ. ಉಪ್ಪು ಗಂಟು ಕಟ್ಟಿದರೆ ತೇವ ಇನ್ನೂ ಜಾಸ್ತಿ ಇದೆ. ಅಂಥದ್ದನ್ನು ಒಟ್ಟಿದರೆ ಬೂಷ್ಟು ಹಿಡಿಯುತ್ತದೆ, ಒಳಗೇ ಕಾವು ಏರಿ ಬಣವೆಗೆ ಬೆಂಕಿ ಬೀಳುವುದೂ ಉಂಟು. ಇನ್ನೊಂದು ದಿನ ಬಿಸಿಲಿಗೆ ಹರಡಿ.