ಹಾಡಿದ ದನಿ ಹೆಡ್‌ಫೋನ್‌ನಲ್ಲಿ ತಡವಾಗಿ ಕೇಳುತ್ತೆ, ಇಂಟರ್ಫೇಸ್ ಕೆಟ್ಟಿದೆಯಾ?

ಪ್ರಶ್ನೆ: ಹೊಸ ಆಡಿಯೋ ಇಂಟರ್ಫೇಸ್ ತಗೊಂಡಿದ್ದೇನೆ. ಟ್ರ್ಯಾಕ್ ಹಾಕಿಕೊಂಡು ಹಾಡಿದರೆ ನನ್ನ ದನಿ ನನಗೇ ಸ್ವಲ್ಪ ಹಿಂದೆ ಕೇಳುತ್ತೆ, ತಾಳ ತಪ್ಪುತ್ತೆ. ವಾಪಸ್ ಕೊಡಲಾ?

ಕೊಡಬೇಡಿ. ಮೈಕನ್ನು ಕಂಪ್ಯೂಟರ್‌ಗೆ ಜೋಡಿಸೋ ಆ ಡಬ್ಬಿ ಸರಿಯಾಗೇ ಇದೆ, ಸೆಟ್ಟಿಂಗ್ ಅಷ್ಟೇ ಬಾಕಿ.

ಮೈಕ್‌ನಿಂದ ಬಂದ ದನಿಯನ್ನು ಕಂಪ್ಯೂಟರ್ ಬಂದಹಾಗೇ ಮುಂದೆ ಕಳಿಸೋದಿಲ್ಲ. ಒಂದಷ್ಟು ಕೂಡಿಹಾಕಿಕೊಂಡು ಒಟ್ಟಿಗೆ ಕೆಲಸ ಮಾಡುತ್ತೆ. ಆ ಒಂದಷ್ಟೇ ಬಫರ್. 44,100 ಸ್ಯಾಂಪಲ್ ರೇಟ್‌ನಲ್ಲಿ (ಅಂದ್ರೆ ಸೆಕೆಂಡಿಗೆ ದನಿಯ ಅಷ್ಟು ಸ್ಯಾಂಪಲ್, ಚೂರುಗಳು) ಬಫರ್ 512 ಸ್ಯಾಂಪಲ್ ಇದ್ದರೆ ಸುಮಾರು 11.6 ಮಿಲಿಸೆಕೆಂಡ್ ತಡ. ಒಳಗೆ ಹೋಗುವಾಗ ಒಂದು ಸಲ, ಹೊರಗೆ ಬರುವಾಗ ಇನ್ನೊಂದು ಸಲ, ಅಲ್ಲಿಗೆ 23. ಡ್ರೈವರ್‌ (ಇಂಟರ್ಫೇಸನ್ನು ಕಂಪ್ಯೂಟರ್ ಜೊತೆ ಮಾತಾಡಿಸೋ ಸಾಫ್ಟ್‌ವೇರ್) ತನ್ನ ಪಾಲು ಬೇರೆ ಸೇರಿಸುತ್ತೆ. ಬರೀ ಕೇಳೋರಿಗೆ ಇದು ಗೊತ್ತೇ ಆಗಲ್ಲ, ಹಾಡೋರಿಗೆ ಮಾತ್ರ ಕಿರಿಕಿರಿ, ಯಾಕಂದ್ರೆ ನಿಮ್ಮ ದನಿ ತಲೆಬುರುಡೆಯ ಒಳಗಿಂದ ಆಗಲೇ ಕಿವಿಗೆ ತಲುಪಿರುತ್ತೆ.

ಮೊದಲು ಹೆಡ್‌ಫೋನ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಇಂಟರ್ಫೇಸ್‌ಗೇ ಚುಚ್ಚಬೇಕು, ಲ್ಯಾಪ್‌ಟಾಪ್‌ಗಲ್ಲ. ಬ್ಲೂಟೂತ್ ಅಂತೂ ಬೇಡವೇ ಬೇಡ.

ಈಗ ಇಂಟರ್ಫೇಸ್ ಮೇಲೆ ಡೈರೆಕ್ಟ್ ಅಥವಾ ಡೈರೆಕ್ಟ್ ಮಾನಿಟರ್ ಅಂತ ಬರೆದಿರೋ ಬಟನ್ ಹುಡುಕಿ, ಒತ್ತಿ. ಕೆಲವದರಲ್ಲಿ ಬಟನ್ ಬದಲು ಮಿಕ್ಸ್ ನಾಬ್ ಇರುತ್ತೆ. ಇದರಿಂದ ಮೈಕ್‌ನ ದನಿ ಕಂಪ್ಯೂಟರ್‌ಗೆ ಹೋಗಿ ಬರೋ ಗೋಜೇ ಇಲ್ಲದೆ ಸೀದಾ ಕಿವಿಗೆ ಬರುತ್ತೆ. ಆದರೆ ಸಾಫ್ಟ್‌ವೇರ್‌ನಲ್ಲಿ ಅದೇ ಟ್ರ್ಯಾಕ್‌ನ ಮಾನಿಟರಿಂಗ್ (ಹಾಡುವಾಗಲೇ ದನಿ ಕೇಳಿಸೋ ಆಯ್ಕೆ) ಆಫ್ ಮಾಡೋದನ್ನ ಮರೀಬೇಡಿ. ಎರಡೂ ಆನ್ ಇದ್ದರೆ ಖಾಲಿ ನೀರಿನ ಡ್ರಮ್ಮಿನೊಳಗೆ ತಲೆ ಹಾಕಿ ಹಾಡಿದ ಹಾಗಿರುತ್ತೆ. ಮೈಕ್ ಸರಿಯಿಲ್ಲ ಅಂತ ಬೈಯೋರಲ್ಲಿ ಜಾಸ್ತಿ ಜನರ ಕಥೆ ಇದೇ.

ಡೈರೆಕ್ಟ್‌ನಲ್ಲಿ ರಿವರ್ಬ್, ಅಂದ್ರೆ ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಮೊಳಗು, ಇರಲ್ಲ, ದನಿ ಒಣಒಣ ಅನ್ನಿಸುತ್ತೆ, ಹಾಡೋ ಹುಮ್ಮಸ್ಸೇ ಇಳಿದುಹೋಗುತ್ತೆ. ಅದಕ್ಕೊಂದು ದಾರಿ ಇದೆ. ಅದೇ ಮೈಕ್‌ಗೆ ಇನ್ನೊಂದು ಟ್ರ್ಯಾಕ್ ಮಾಡಿ, ರಿವರ್ಬ್ ಹಾಕಿ, ಡ್ರೈ (ಮೂಲ ದನಿ) ಪೂರ್ತಿ ಇಳಿಸಿ ಬರೀ ವೆಟ್ (ರಿವರ್ಬ್ ಸದ್ದು) ಉಳಿಸಿ, ಆ ಟ್ರ್ಯಾಕ್‌ಗೆ ಮಾತ್ರ ಮಾನಿಟರಿಂಗ್ ಆನ್ ಮಾಡಿ. ರಿವರ್ಬ್ ಇಪ್ಪತ್ತು ಮಿಲಿಸೆಕೆಂಡ್ ತಡವಾಗಿ ಬಂದರೆ ಯಾರಿಗೂ ತೊಂದರೆಯಿಲ್ಲ, ಎಷ್ಟೋ ಜನ ಪ್ರೀ-ಡಿಲೇ ಅಂತ ಬೇಕಂತಲೇ ಅಷ್ಟು ತಡ ಇಡ್ತಾರೆ.

ಗಿಟಾರ್ ಚುಚ್ಚಿ ಆಂಪ್ ಪ್ಲಗಿನ್ (ಆಂಪ್ಲಿಫೈಯರ್ ಸದ್ದು ಕೊಡೋ ಸಾಫ್ಟ್‌ವೇರ್) ಬಳಸೋರಿಗೆ ಡೈರೆಕ್ಟ್ ಕೆಲಸಕ್ಕೆ ಬರಲ್ಲ, ಪ್ಲಗಿನ್ ಸದ್ದು ಕೇಳಬೇಕಲ್ವಾ. ಅವರು ಬಫರ್ ಇಳಿಸಲೇಬೇಕು. ವಿಂಡೋಸ್‌ನಲ್ಲಾದರೆ ಇಂಟರ್ಫೇಸ್ ಕಂಪನಿಯದೇ ಎಎಸ್‌ಐಒ (ತಡ ಕಡಿಮೆ ಮಾಡೋ) ಡ್ರೈವರ್ ಹಾಕಿಕೊಂಡು, ರೀಪರ್ ಥರದ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಆಡಿಯೋ ಡಿವೈಸ್ ಸೆಟ್ಟಿಂಗ್‌ನಲ್ಲಿ ಅದನ್ನೇ ಆರಿಸಿ. ಕಂಪನಿ ಡ್ರೈವರ್ ಕೊಟ್ಟಿಲ್ಲ ಅಂದ್ರೆ ಸಾಮಾನ್ಯ ಬಳಕೆಯ ಡ್ರೈವರ್ ಎಎಸ್‌ಐಒ4ಆಲ್ ಇದೆ. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಅನ್ನೋ ಒಳಗಿನದೇ ವ್ಯವಸ್ಥೆ ಇರೋದರಿಂದ ಈ ತಲೆನೋವಿಲ್ಲ. ಆಮೇಲೆ ಬಫರ್ 128ಕ್ಕೆ ಇಳಿಸಿ ನೋಡಿ, ಚಟಪಟ ಸದ್ದು ಬಂದರೆ 256. ಮಾಸ್ಟರ್ (ಎಲ್ಲ ಟ್ರ್ಯಾಕ್ ಸೇರಿ ಹೊರಬರೋ ಚಾನಲ್) ಮೇಲೆ ಲಿಮಿಟರ್, ಲೀನಿಯರ್ ಫೇಸ್ ಇಕ್ಯೂ ಥರದ ಪ್ಲಗಿನ್ ಕೂತಿದ್ದರೆ ರೆಕಾರ್ಡಿಂಗ್ ಮುಗಿಯೋವರೆಗೆ ತೆಗೆದಿಡಿ, ಅವೂ ತಡ ಮಾಡ್ತವೆ. ಮಿಕ್ಸ್ ಮಾಡುವಾಗ 1024 ಇಟ್ಟರೂ ನಡೆಯುತ್ತೆ.

ಇಷ್ಟಾದ ಮೇಲೂ ರೆಕಾರ್ಡ್ ಆದ ದನಿ ಟ್ರ್ಯಾಕ್‌ಗಿಂತ ಹಿಂದೆ ಬಿದ್ದಿದ್ದರೆ ಅದು ಬೇರೆ ವಿಷಯ. ಡ್ರೈವರ್ ತನ್ನ ತಡ ಎಷ್ಟು ಅಂತ ಸಾಫ್ಟ್‌ವೇರ್‌ಗೆ ತಪ್ಪು ಲೆಕ್ಕ ಹೇಳ್ತಿರಬಹುದು. ಹೆಡ್‌ಫೋನನ್ನು ಮೈಕ್‌ಗೆ ಒತ್ತಿ ಹಿಡಿದು ಮೆಟ್ರೊನೋಮ್ (ತಾಳದ ಟಿಕ್ ಟಿಕ್ ಸದ್ದು) ರೆಕಾರ್ಡ್ ಮಾಡಿ, ಎಷ್ಟು ಹಿಂದಿದೆಯೋ ಅಳೆದು, ರೆಕಾರ್ಡಿಂಗ್ ಸೆಟ್ಟಿಂಗ್‌ನ ಆಫ್‌ಸೆಟ್‌ನಲ್ಲಿ ಆ ಸಂಖ್ಯೆ ಹಾಕಿ.