ಜಠರದ ಜಿಸ್ಟ್ ಗಡ್ಡೆ: ಎಣಿಕೆ ತಪ್ಪುವುದು ಎಲ್ಲಿ

ಆಪರೇಷನ್ ಆಗಿ ಎರಡು ವಾರಕ್ಕೆ ಬಯಾಪ್ಸಿ ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಮಳವಳ್ಳಿಯಿಂದಲೋ ನಾಗಮಂಗಲದಿಂದಲೋ ಮೈಸೂರಿಗೆ ಬರುವವರು ಕೇಳುವುದು ಒಂದೇ: "ಡಾಕ್ಟ್ರೇ, ಇದು ಕ್ಯಾನ್ಸರ್ ಗಡ್ಡೆನಾ, ಬರೀ ಗಡ್ಡೆನಾ?" ಜಠರದ ಒಳಪೊರೆಯಲ್ಲಿ ಹುಟ್ಟುವ ಮಾಮೂಲಿ ಕ್ಯಾನ್ಸರ್ ಆದರೆ ಉತ್ತರ ನೇರ. ಗೋಡೆಯ ಸ್ನಾಯುಪದರದಲ್ಲಿ ಹುಟ್ಟುವ ಜಿಸ್ಟ್ ಗಡ್ಡೆಗೆ ಹಾಗೆ ಹೌದು, ಅಲ್ಲ ಎನ್ನಲು ಬರುವುದಿಲ್ಲ. ಮುಂದೆ ಲಿವರಿಗೋ ಹೊಟ್ಟೆಯ ಪೊರೆಗೋ ಹಬ್ಬುವ ಸಂಭವ ಎಷ್ಟು ಎಂದಷ್ಟೇ ಹೇಳಬಹುದು.

ಗಡ್ಡೆ ಜಿಸ್ಟ್ ಹೌದೋ ಅಲ್ಲವೋ ಎಂಬುದು ಸಿಡಿ117 ಮತ್ತು ಡಾಗ್1 ಎಂಬ ಪ್ರೋಟೀನುಗಳ ಬಣ್ಣಪರೀಕ್ಷೆಯಲ್ಲಿ ಸಾಮಾನ್ಯವಾಗಿ ಇತ್ಯರ್ಥವಾಗುತ್ತದೆ. ಸಂಭವದ ಲೆಕ್ಕಕ್ಕೆ ಬೇಕಾದದ್ದು ಮೂರು: ಗಡ್ಡೆ ಎಲ್ಲಿತ್ತು, ಎಷ್ಟು ದೊಡ್ಡದಿತ್ತು, 5 ಚದರ ಮಿಲಿಮೀಟರ್ ಜಾಗದಲ್ಲಿ ಎಷ್ಟು ಕೋಶಗಳು ಒಡೆದು ಎರಡಾಗುತ್ತಿದ್ದವು. ಈ ಕೊನೆಯದೇ ಎಣಿಕೆ. ಅಮೆರಿಕದ ಸೇನಾ ರೋಗಶಾಸ್ತ್ರ ಸಂಸ್ಥೆ 1765 ಜಠರದ ಜಿಸ್ಟ್‌ಗಳನ್ನು ನೋಡಿ 2005ರಲ್ಲಿ ಕೊಟ್ಟ ಅಂಕಿಗಳೇ ಇವತ್ತಿಗೂ ಆಧಾರ. 2 ಸೆಂ.ಮೀ. ಒಳಗಿದ್ದು ಎಣಿಕೆ 5 ದಾಟದಿದ್ದರೆ ಹಬ್ಬುವ ಭಯ ಇಲ್ಲವೆಂದೇ ಹೇಳಬಹುದು. 5ರಿಂದ 10 ಸೆಂ.ಮೀ. ಗಡ್ಡೆಯಲ್ಲಿ ಎಣಿಕೆ 5 ಅಥವಾ ಕಡಿಮೆ ಇದ್ದರೆ ಹಬ್ಬುವ ಸಂಭವ ಶೇ. 3.6, 5 ದಾಟಿತೋ, ಒಂದೇ ಜಿಗಿತಕ್ಕೆ ಶೇ. 55. ಎಣಿಕೆ ಕಡಿಮೆಯೇ ಇದ್ದು, ಅಷ್ಟೇ ಗಾತ್ರದ ಗಡ್ಡೆ ಸಣ್ಣಕರುಳಿನಲ್ಲಿದ್ದರೆ ಶೇ. 24. ಗಾತ್ರವನ್ನು ಸ್ಕೇಲಿಟ್ಟು ಅಳೆಯಬಹುದು, ಜಾಗ ಸರ್ಜನ್ನರಿಗೆ ಗೊತ್ತೇ ಇರುತ್ತದೆ. ಕೈಕೊಡುವುದು ಎಣಿಕೆ.

ಮೊದಲ ತಪ್ಪು ಮೈಕ್ರೋಸ್ಕೋಪಿನದು. ಹಳೆಯ ರಿಪೋರ್ಟುಗಳಲ್ಲಿ "50 ಫೀಲ್ಡಿಗೆ ಇಷ್ಟು" ಎಂದು ಬರೆಯುತ್ತಿದ್ದರು. ಫೀಲ್ಡ್ ಎಂದರೆ ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗ. ಆಗಿನ ಮೈಕ್ರೋಸ್ಕೋಪಿನಲ್ಲಿ 50 ಫೀಲ್ಡ್ ಸೇರಿದರೆ 5 ಚದರ ಮಿ.ಮೀ. ಈಗಿನ ಅಗಲ ಐಪೀಸಿನಲ್ಲಿ, ಅಂದರೆ 22ರ ಫೀಲ್ಡ್ ನಂಬರು, 40ರ ಲೆನ್ಸು, 21 ಫೀಲ್ಡಿಗೇ ಅಷ್ಟು ಜಾಗ ಮುಗಿಯುತ್ತದೆ. ಅಭ್ಯಾಸಬಲದಿಂದ 50 ಎಣಿಸುತ್ತಾ ಹೋದರೆ ನೋಡಿದ್ದು ಸುಮಾರು 12 ಚದರ ಮಿ.ಮೀ. ಆಯಿತು. 4 ಇರಬೇಕಾದದ್ದು 9 ಎಂದು ಬರುತ್ತದೆ, ಗಡ್ಡೆ ಮರುಕಳಿಸದಿರಲೆಂದು ಕೊಡುವ ಇಮಾಟಿನಿಬ್ ಮಾತ್ರೆ ರೋಗಿಗೆ ಮೂರು ವರ್ಷ ತಗಲಿಕೊಳ್ಳುತ್ತದೆ. ರಿಪೋರ್ಟಿನಲ್ಲಿ ಬರೀ "50 ಫೀಲ್ಡಿಗೆ" ಎಂದಿದ್ದರೆ ಸ್ಲೈಡು ನೋಡಿದ ಪೆಥಾಲಜಿಸ್ಟರಿಗೆ ಫೋನ್ ಮಾಡಿ ಚದರ ಮಿ.ಮೀ. ಕೇಳುವುದರಲ್ಲಿ ಸಂಕೋಚ ಬೇಡ.

ಎರಡನೆಯದು ಇದರ ತಿರುಗುಮುರುಗು, ನನ್ನ ಲೆಕ್ಕದಲ್ಲಿ ಹೆಚ್ಚು ಅಪಾಯದ್ದು. ತೆಗೆದ ಗಡ್ಡೆ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವ ಕಾಣದೆ ಗಂಟೆಗಟ್ಟಲೆ ಟ್ರೇಯಲ್ಲಿ ಕೂತರೆ ಒಡೆಯುತ್ತಿದ್ದ ಕೋಶಗಳ ಗುರುತು ಅಳಿಸುತ್ತಾ ಬರುತ್ತದೆ, ಎಣಿಕೆ ಸುಳ್ಳೇ ಇಳಿಯುತ್ತದೆ. 8 ಸೆಂ.ಮೀ. ಗಡ್ಡೆ ಹೆಚ್ಚುಕಡಿಮೆ ಕಾಲು ಲೀಟರ್ ಜಾಗ ಹಿಡಿಯುತ್ತದೆ. ಹತ್ತು ಪಟ್ಟಿನ ಲೆಕ್ಕದಲ್ಲಿ ಎರಡೂವರೆ ಲೀಟರ್ ಶೇ. 10ರ ಫಾರ್ಮಲಿನ್ ಬೇಕು. ನಮ್ಮ ಕಡೆ ಬರುವುದೋ, ಬಾಯಿ ಕಿರಿದಾದ ಡಬ್ಬಿಗೆ ತುರುಕಿ, ಮೇಲೆ ನಾಲ್ಕು ಬೆರಳು ದ್ರವ ಹಾಕಿ, ಸಂಬಂಧಿಕರ ಕೈಗೆ ಕೊಟ್ಟು ಬಸ್ಸು ಹತ್ತಿಸಿದ ಗಡ್ಡೆ. ಫಾರ್ಮಲಿನ್ ಗಂಟೆಗೆ ಹೆಚ್ಚುಕಡಿಮೆ ಒಂದು ಮಿ.ಮೀ. ವೇಗದಲ್ಲಷ್ಟೇ ಒಳಗಿಳಿಯುತ್ತದೆ. ಹಾಗಾಗಿ ಹೊರಗಿನ ಸಿಪ್ಪೆ ಗಟ್ಟಿಯಾಗಿರುತ್ತದೆ, ಕೊಯ್ದರೆ ನಡುವೆ ಕೊಳೆತ ಗಂಜಿ. ಅದರಲ್ಲಿ ಎಣಿಸುವುದಾದರೂ ಏನನ್ನು? ಅಂಚುಗಳಿಗೆ ಹೊಲಿಗೆಯ ಗುರುತು ಹಾಕಿ, ಆಸ್ಪತ್ರೆಯಲ್ಲೇ ನಡುವೆ ಒಂದು ಕೊಯ್ತ ಕೊಟ್ಟು ಕಳಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಸಲೈನಿನಲ್ಲಿ, ಸ್ಪಿರಿಟ್ಟಿನಲ್ಲಿ ಖಂಡಿತ ಹಾಕಬಾರದು. ಲ್ಯಾಬಿನಲ್ಲಿ ಪ್ರತಿ ಸೆಂ.ಮೀ.ಗೆ ಒಂದು ತುಂಡಿನಂತೆ ತೆಗೆದು, ಕೋಶಗಳು ಒಡೆಯುವುದು ಎಲ್ಲಿ ಹೆಚ್ಚೋ ಅಲ್ಲಿಂದ ಎಣಿಕೆ ಶುರು ಮಾಡಬೇಕು.

ಆಪರೇಷನ್ನಿಗೆ ಮೊದಲೇ ಇಮಾಟಿನಿಬ್ ಮಾತ್ರೆ ತೆಗೆದುಕೊಂಡಿದ್ದರೆ ತೆಗೆದ ಗಡ್ಡೆಯ ಎಣಿಕೆಗೆ ಬೆಲೆ ಇಲ್ಲ. ಕುಗ್ಗಿದ ಗಾತ್ರಕ್ಕೂ ಇಲ್ಲ. ಮೊದಲಿನ ಸ್ಕ್ಯಾನು, ಮೊದಲಿನ ಬಯಾಪ್ಸಿ ಹುಡುಕಿ ತರಬೇಕು.

ಟೇಬಲ್ ಮೇಲೆ ಗಡ್ಡೆ ಒಡೆದಿತ್ತೇ? ಇದನ್ನು ಪೆಥಾಲಜಿಸ್ಟರಾದ ನಾವು ಸ್ಲೈಡಿನಲ್ಲಿ ಹೇಳುವುದು ಕಷ್ಟ, ಸರ್ಜನ್ನರೇ ಬರೆಯಬೇಕು. ಜಿಸ್ಟ್ ಮೆದು, ಒತ್ತಿ ಹಿಡಿದರೆ ಪಿಚಕ್ಕನೆ ಹರಿಯುತ್ತದೆ. ಹರಿದು ಹೊಟ್ಟೆಯೊಳಗೆ ಚೆಲ್ಲಿತೆಂದರೆ ಗಾತ್ರ, ಎಣಿಕೆ ಏನೇ ಇರಲಿ, ಲೆಕ್ಕ ಹೆಚ್ಚಿನ ಅಪಾಯದ ಗುಂಪಿಗೇ ಹೋಗುತ್ತದೆ. ಆಪರೇಷನ್ ನೋಟಿನಲ್ಲಿ ಈ ಒಂದು ಸಾಲು ಬಿಟ್ಟುಹೋಗುವುದು ಅಪರೂಪವೇನಲ್ಲ. ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಉಳಿಯದೆ ಸ್ವಚ್ಛವಾಗಿದ್ದರೆ ಸಾಕು, ಮಾಮೂಲಿ ಕ್ಯಾನ್ಸರಿನಂತೆ ಅಗಲವಾಗಿ ಕತ್ತರಿಸಿ ದುಗ್ಧಗ್ರಂಥಿ ಬಗೆಯಬೇಕಿಲ್ಲ. ಹರೆಯದವರಲ್ಲಿ, ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ, ಗಂಟುಗಂಟಾಗಿ ಬರುವ ಎಸ್‌ಡಿಎಚ್ (ಕೋಶದೊಳಗಿನ ಒಂದು ಕಿಣ್ವ) ಕೊರತೆಯ ಜಿಸ್ಟ್ ಮಾತ್ರ ಬೇರೆ ಜಾತಿ. ಅದು ಗ್ರಂಥಿಗೂ ಹಬ್ಬುತ್ತದೆ, ಮೇಲಿನ ಅಂಕಿಗಳು ಅದಕ್ಕೆ ನಡೆಯುವುದಿಲ್ಲ.

ಅಪಾಯ ಹೆಚ್ಚೆಂದು ಬಂದವರಿಗೆ ದಿನಕ್ಕೆ 400 ಮಿ.ಗ್ರಾಂ. ಇಮಾಟಿನಿಬ್, ಮೂರು ವರ್ಷ. ಶುರು ಮಾಡುವ ಮೊದಲು ಜೀನ್ ಪರೀಕ್ಷೆ ಆಗಲಿ: ಪಿಡಿಜಿಎಫ್‌ಆರ್‌ಎ ಜೀನಿನಲ್ಲಿ ಡಿ842ವಿ ಬದಲಾವಣೆ ಇದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ಈ ಪರೀಕ್ಷೆಗೆ ಬೇಕಾದದ್ದು ರಿಪೋರ್ಟಿನ ಜೆರಾಕ್ಸ್ ಅಲ್ಲ, ಗಡ್ಡೆಯ ತುಂಡನ್ನು ಕೂರಿಸಿದ ಮೇಣದ ಬ್ಲಾಕ್. ಆಪರೇಷನ್ ಆದ ಕಡೆಯ ಲ್ಯಾಬಿನಲ್ಲಿ ಅರ್ಜಿ ಬರೆದುಕೊಟ್ಟು ಬ್ಲಾಕು, ಸ್ಲೈಡು ಎರಡನ್ನೂ, ಮೇಲಿನ ನಂಬರು ರಿಪೋರ್ಟಿನ ನಂಬರಿಗೆ ತಾಳೆ ನೋಡಿಕೊಂಡು ತನ್ನಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟುಹೋಗಬೇಡಿ, ಮೇಣ ಮೆತ್ತಗಾಗುತ್ತದೆ.